ಚದುರಂಗದ ಕುದುರೆಯೂ ಸ್ವತಂತ್ರ ಬರಹವೂ

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಬರುವವರಲ್ಲಿ ಬಹುಮಂದಿ ಕೂಲಿಗೋ ಸಂಬಳಕ್ಕೋ ದುಡಿಯುವವರು. ಛತ್ರಗಳ ಅಡಿಗೆಯವರು, ಸೀರೆ ಅಂಗಡಿಗಳಲ್ಲಿ ಲೆಕ್ಕ ಬರೆಯುವವರು, ರೈಲ್ವೆ ಎಂಜಿನ್ ಕಾರ್ಖಾನೆಯವರು, ಹೋಟೆಲು ಮಾಣಿಗಳು ಇವರಲ್ಲಿದ್ದಾರೆ. ಗಿರಣಿಯ ದಫ್ತರಿನಲ್ಲಿ ಕೂತು ದಿನವೆಲ್ಲ ಕೂಡಿ ಕಳೆಯುವ ಈ ಲೇಖಕನೂ ಅವರಲ್ಲೊಬ್ಬ. ಮಾಸಪತ್ರಿಕೆಯಲ್ಲಿ ಒಂದು ಒಳ್ಳೆಯ ಕಥೆಯನ್ನೋ ಜಾಣತನದ ಪದಬಂಧವನ್ನೋ ಕಂಡಾಗ ಇವರಲ್ಲಿ ಯಾರಾದರೊಬ್ಬರು ಹೇಳುವ ಮಾತೊಂದುಂಟು: “ಇದೆಲ್ಲ ಹೊತ್ತು ಇದ್ದವರ ಕೆಲಸ ಸ್ವಾಮಿ, ನಮ್ಮಂಥವರಿಗೆ ಎಲ್ಲಿಂದ ಬರಬೇಕು?”

ಈ ಮಾತಿನಲ್ಲಿ ಸತ್ಯಾಂಶವಿದೆ. ಬೆಳಗಿನ ಐದಕ್ಕೆ ಒಲೆ ಹಚ್ಚಿ ರಾತ್ರಿ ಹತ್ತಕ್ಕೆ ಪಾತ್ರೆ ತೊಳೆದಿಡುವವನಿಗೆ ಕಾದಂಬರಿ ಬರೆ ಎಂದು ಉಪದೇಶ ಮಾಡುವುದು ಕ್ರೂರವಾದೀತು. ಆದರೆ ಹೊತ್ತು ಒಂದಿದ್ದರೆ ಸಾಕೆ? ಹೊತ್ತು ಬೇಕಾದಷ್ಟಿದ್ದು ಏನನ್ನೂ ಮಾಡದೆ ಹೋದವರು ಲೋಕದಲ್ಲಿ ಕಡಿಮೆಯಿಲ್ಲ. ಹಾಗಾದರೆ, ಯಾರ ಅಪ್ಪಣೆಗೂ ಕಾಯದೆ ತನ್ನ ಮನಸ್ಸಿನಿಂದಲೇ ಬರಹವನ್ನೋ ಆಟವನ್ನೋ ಹುಟ್ಟಿಸುವ ಬಾಳಿಗೆ ನಿಜವಾಗಿ ಬೇಕಾದುದೇನು? ಇದನ್ನು ಮೂವರ ಉದಾಹರಣೆಯಿಂದ ವಿಚಾರ ಮಾಡಬಹುದು. ಅವರಲ್ಲಿ ಒಬ್ಬರು ಕೆಲಸ ಕಳೆದುಕೊಂಡ ಅರಸರು. ಇನ್ನೊಬ್ಬರು ನೌಕರಿಗೆ ತಾವಾಗಿಯೇ ರಾಜೀನಾಮೆ ಕೊಟ್ಟ ಲೇಖಕರು. ಮೂರನೆಯವರು ನೌಕರಿಯನ್ನು ಬಿಡದೆಯೇ ಬರೆದ ಗುಮಾಸ್ತರು. ಮೂವರ ಕಥೆಯಲ್ಲಿಯೂ ಚದುರಂಗದ ಹಾಸು ಬರುತ್ತದೆ.

ರಾಜ್ಯ ಹೋದ ಮೇಲೆ

ನಮ್ಮ ಹನುಮಾನ್ ಘಾಟಿಗೂ ಹರಿಶ್ಚಂದ್ರ ಘಾಟಿಗೂ ನಡುವೆ ಇರುವ ಕರ್ನಾಟಕ ಘಾಟು ಮೈಸೂರು ಸಂಸ್ಥಾನದವರು ಕಟ್ಟಿಸಿದ್ದೆಂಬುದು ಇಲ್ಲಿಯ ಕನ್ನಡಿಗರಿಗೆಲ್ಲ ತಿಳಿದದ್ದೇ. ಆ ಸಂಸ್ಥಾನದ ಅರಸರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದು ೧೭೯೪ರಲ್ಲಿ. ೧೭೯೯ರಲ್ಲಿ ಶ್ರೀರಂಗಪಟ್ಟಣ ಇಂಗ್ಲಿಷರ ವಶವಾಗಿ ಟಿಪ್ಪು ಸುಲ್ತಾನರು ಮಡಿದ ಬಳಿಕ, ಐದು ವರ್ಷದ ಈ ಬಾಲಕನನ್ನು ಸಿಂಹಾಸನದಲ್ಲಿ ಕೂರಿಸಿದರು. ಪ್ರಾಯಕ್ಕೆ ಬರುವವರೆಗೆ ದಿವಾನ್ ಪೂರ್ಣಯ್ಯನವರು ರಾಜ್ಯ ನಡೆಸಿದರು. ಆಮೇಲೆ ಅರಸರು ಸ್ವತಃ ಆಳಿದ್ದು ಇಪ್ಪತ್ತು ವರ್ಷ. ೧೮೩೦-೩೧ರಲ್ಲಿ ನಗರದ ಸೀಮೆಯ ರೈತರು ಕಂದಾಯದ ಕಿರುಕುಳ ತಾಳಲಾರದೆ ದಂಗೆಯೆದ್ದರು. ಅದನ್ನೇ ಕಾರಣ ಮಾಡಿಕೊಂಡು ಕಂಪೆನಿ ಸರ್ಕಾರ ೧೮೩೧ರಲ್ಲಿ ಆಡಳಿತವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡು, ಕಮಿಷನರುಗಳ ಮೂಲಕ ನಡೆಸತೊಡಗಿತು. ರೈತರ ದೂರು ನಿಜವಾದದ್ದೇ. ಅರಸರ ದುರ್ದೆಸೆಯನ್ನು ಹೇಳುವಾಗ ಅದನ್ನು ಮರೆಯಬಾರದು.

ಆಗ ಒಡೆಯರಿಗೆ ಮೂವತ್ತೇಳು ವರ್ಷ. ಅರಮನೆ ಉಳಿಯಿತು, ಬಿರುದು ಬಾವಲಿ ಉಳಿಯಿತು, ಮಾಡುವ ಕೆಲಸ ಮಾತ್ರ ಹೋಯಿತು. ೧೭೯೯ರ ಒಪ್ಪಂದದ ಪ್ರಕಾರ ವರ್ಷಕ್ಕೆ ಒಂದು ಲಕ್ಷ ವರಹವೂ ರಾಜ್ಯದ ಹುಟ್ಟುವಳಿಯಲ್ಲಿ ಐದನೆಯ ಒಂದು ಪಾಲೂ ಅವರಿಗೆ ಸಲ್ಲುತ್ತಿತ್ತು. ೧೮೬೮ರಲ್ಲಿ ಕಾಲವಾಗುವವರೆಗೆ ಅವರು ಹೀಗೆಯೇ ಬದುಕಿದರು. ರಾಜ್ಯವನ್ನು ಹಿಂದಕ್ಕೆ ಕೊಡಿರೆಂದು ಬರೆದ ಪತ್ರಗಳಿಗೆ ಲೆಕ್ಕವಿಲ್ಲ. ದತ್ತುಪುತ್ರನಿಗೆ ಮುಂದೆ ರಾಜ್ಯವನ್ನು ಒಪ್ಪಿಸುವುದಾಗಿ ಇಂಗ್ಲಿಷರು ಒಪ್ಪಿದ್ದು ೧೮೬೭ರಲ್ಲಿ, ಒಪ್ಪಿಸಿದ್ದು ೧೮೮೧ರಲ್ಲಿ. ಅದನ್ನು ನೋಡಲು ಒಡೆಯರು ಇರಲಿಲ್ಲ.

ಈ ಮೂವತ್ತಾರು ವರ್ಷಗಳಲ್ಲಿ ಅವರು ಮಾಡಿದ್ದೇನು ಎಂಬುದು ನಮಗೆ ಮುಖ್ಯ. ಆಸ್ಥಾನದಲ್ಲಿ ಪಂಡಿತರನ್ನೂ ಚಿತ್ರಗಾರರನ್ನೂ ಕೂಡಿಹಾಕಿ ಪುಸ್ತಕದ ಮೇಲೆ ಪುಸ್ತಕ ಸಿದ್ಧಪಡಿಸಿದರು. ಅವರ ಹೆಸರಿನಲ್ಲಿರುವ ಗ್ರಂಥಗಳಲ್ಲಿ ಪಂಡಿತರ ಕೈ ಎಷ್ಟು, ಅರಸರ ಕೈ ಎಷ್ಟು ಎಂಬ ಚರ್ಚೆ ವಿದ್ವಾಂಸರಲ್ಲಿ ಉಂಟು. ಇವುಗಳಲ್ಲಿ ದೊಡ್ಡದು ‘ಶ್ರೀತತ್ತ್ವನಿಧಿ’. ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ ಎಂದು ಮೊದಲಾಗಿ ಒಂಬತ್ತು ನಿಧಿಗಳ ಈ ಗ್ರಂಥದಲ್ಲಿ ದೇವತೆಗಳ ಬಣ್ಣದ ಚಿತ್ರಗಳೂ ಧ್ಯಾನಶ್ಲೋಕಗಳೂ ಇವೆ. ಒಂಬತ್ತನೆಯದಾದ ‘ಕೌತುಕನಿಧಿ’ಯಲ್ಲಿ ಯೋಗಾಸನಗಳಿವೆ, ಆಟಗಳಿವೆ. ದೇವರ ಧ್ಯಾನಕ್ಕೂ ಇಸ್ಪೀಟಿನ ಎಲೆಗೂ ಒಂದೇ ಗ್ರಂಥದಲ್ಲಿ ಜಾಗ ಕೊಟ್ಟ ಧೈರ್ಯ ಸಣ್ಣದಲ್ಲ.

ಎಲೆಯಾಟಗಳಿಗೆ ಅವರು ಕೊಟ್ಟ ಹೆಸರು ‘ಛದ’. ಇವು ಗಂಜೀಫಾ ಜಾತಿಯವು. ಎಲೆಗಳ ಮೇಲೆ ದೇವತೆಗಳು, ಗ್ರಹಗಳು, ಪುರಾಣದ ವೀರರು. ನಮ್ಮ ಈಗಿನ ಇಸ್ಪೀಟಿನಲ್ಲಿ ನಾಲ್ಕು ಬಣ್ಣ, ಐವತ್ತೆರಡು ಎಲೆ. ಒಡೆಯರ ಕೆಲವು ಕಟ್ಟುಗಳಲ್ಲಿ ಎಲೆಗಳ ಸಂಖ್ಯೆ ೩೬೦ರವರೆಗೂ ಹೋಗುತ್ತದೆ! ಇವಲ್ಲದೆ ಪಗಡೆಯ ಜಾತಿಯ ಹಾಸುಗಳನ್ನೂ ರಚಿಸಿದರು. ಅವುಗಳಲ್ಲಿ ಕಾಯಿ ಮನೆಯಿಂದ ಮನೆಗೆ ಏರಿ ಕೊನೆಗೆ ದೇವಿಯ ಸನ್ನಿಧಿಯನ್ನು ಸೇರುವಂಥದೂ ಒಂದು. ೧೮೬೧ರಲ್ಲಿ ಕಟ್ಟಿದ ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರು, ಮೇಲಿನ ರಂಗಮಹಲಿನ ಗೋಡೆಗಳಲ್ಲಿ ಆಟದ ಹಾಸುಗಳನ್ನು ಚಿತ್ರಿಸಿರುವುದನ್ನು ನೋಡಬಹುದು. ಚದುರಂಗದಲ್ಲಿ ಅವರ ಮನಸ್ಸನ್ನು ಬಹಳವಾಗಿ ಹಿಡಿದದ್ದು ಕುದುರೆಯ ನಡೆ. ಅದು ಏನೆಂದು ತಿಳಿದರೆ ಅವರ ಮನಸ್ಸು ಹೋದ ದಾರಿಯೂ ನಮಗೆ ತಿಳಿಯುತ್ತದೆ. ಆದುದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಕುದುರೆಯ ನಡೆ

ಚದುರಂಗದಲ್ಲಿ ಆನೆ ನೇರಕ್ಕೆ, ಒಂಟೆ ಓರೆಗೆ ಹೋಗುತ್ತವೆ. ಕುದುರೆ ಮಾತ್ರ ಎರಡು ಮನೆ ನೇರಕ್ಕೆ ಹೋಗಿ ಒಂದು ಮನೆ ಪಕ್ಕಕ್ಕೆ ಹೊರಳುತ್ತದೆ. ಕಾಶಿಯವರು ಇದನ್ನೇ ‘ಢಾಯಿ ಘರ್’, ಎರಡೂವರೆ ಮನೆ, ಎನ್ನುತ್ತಾರೆ. ನಡುವೆ ಬೇರೆ ಕಾಯಿ ಇದ್ದರೂ ಹಾರಿಹೋಗುವ ಅಧಿಕಾರ ಅದೊಂದಕ್ಕೇ. ಈಗ ಹಾಸಿನ ಮೇಲಿನ ಉಳಿದ ಕಾಯಿಗಳನ್ನೆಲ್ಲ ತೆಗೆದು ಕುದುರೆಯೊಂದನ್ನೇ ಇಡಿ. ಅರವತ್ತನಾಲ್ಕು ಮನೆಗಳಲ್ಲಿ ಪ್ರತಿಯೊಂದನ್ನೂ ಅದು ಮುಟ್ಟಬೇಕು. ಒಮ್ಮೆ ಮುಟ್ಟಿದ ಮನೆಗೆ ಮತ್ತೆ ಬರಬಾರದು. ಸಾಧ್ಯವೆ?

ಕೇಳುವುದಕ್ಕೆ ಮಕ್ಕಳ ಆಟದಂತಿದೆ. ಪೆನ್ಸಿಲು ಹಿಡಿದು ಕೂತರೆ ನಲವತ್ತು, ಐವತ್ತು ಮನೆಗಳವರೆಗೆ ಸಲೀಸಾಗಿ ಹೋಗಿ, ಆಮೇಲೆ ಎಲ್ಲಿಗೂ ದಾರಿಯಿಲ್ಲದ ಮೂಲೆಯಲ್ಲಿ ಕುದುರೆ ಸಿಕ್ಕಿಕೊಳ್ಳುತ್ತದೆ. ದಾರಿಗಳಿಗೇನೂ ಬರವಿಲ್ಲ. ಹೊರಟ ಮನೆಗೇ ಹಿಂದಿರುಗಬಲ್ಲ ಸುತ್ತುಗಳನ್ನಷ್ಟೇ ಕಂಪ್ಯೂಟರಿನಿಂದ ಎಣಿಸಿದಾಗ ಬಂದ ಸಂಖ್ಯೆ ೧,೩೨,೬೭,೩೬,೪೪,೧೦,೫೩೨. ಹದಿಮೂರು ಲಕ್ಷ ಕೋಟಿಗೂ ಮಿಕ್ಕಿದ್ದು. ಇಷ್ಟು ದಾರಿಗಳಿದ್ದರೂ ತಪ್ಪುದಾರಿಗಳು ಅದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿರುವುದರಿಂದ ಕೈಗೆ ಸುಲಭವಾಗಿ ಸಿಕ್ಕುವುದಿಲ್ಲ.

ಸಣ್ಣ ಹಾಸಿನಲ್ಲಿ ನೋಡಿದರೆ ಮರ್ಮ ಬೇಗ ತಿಳಿಯುತ್ತದೆ. ನಮ್ಮ ಚೌಕಾಬಾರದ ಹಾಸಿನಂತೆ ಅಡ್ಡಕ್ಕೆ ಐದು, ಉದ್ದಕ್ಕೆ ಐದು, ಒಟ್ಟು ಇಪ್ಪತ್ತೈದು ಮನೆ ಬರೆಯಿರಿ. ಮೇಲಿನ ಎಡಮೂಲೆಯಿಂದ ಹೊರಟ ಕುದುರೆ ಒಂದೊಂದು ಮನೆಯನ್ನು ಎಷ್ಟನೆಯದಾಗಿ ಮುಟ್ಟಿತೆಂಬುದನ್ನು ಈ ಅಂಕಿಗಳು ತೋರಿಸುತ್ತವೆ:

೧ — ೬ — ೧೫ — ೧೦ — ೨೧
೧೪ — ೯ — ೨೦ — ೫ — ೧೬
೧೯ — ೨ — ೭ — ೨೨ — ೧೧
೮ — ೧೩ — ೨೪ — ೧೭ — ೪
೨೫ — ೧೮ — ೩ — ೧೨ — ೨೩

ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಬೆರಳಿಟ್ಟು ಹೋಗಿ. ಎಲ್ಲಿಯೂ ಎರಡೂವರೆ ಮನೆಯ ಕಟ್ಟು ಮುರಿದಿಲ್ಲ. ಇನ್ನು, ಮೂಲೆಯನ್ನು ಬಿಟ್ಟು ಅದರ ಪಕ್ಕದ ಮನೆಯಿಂದ ಹೊರಡಲು ನೋಡಿ. ವರ್ಷವೆಲ್ಲ ಕೂತರೂ ಮುಗಿಯುವುದಿಲ್ಲ. ಕಾರಣ ಹೀಗಿದೆ. ಮನೆಗಳಿಗೆ ಚದುರಂಗದಂತೆ ಒಂದು ಬಿಟ್ಟು ಒಂದಕ್ಕೆ ಕಪ್ಪು ಬಣ್ಣ ಹಚ್ಚಿದರೆ, ಕುದುರೆ ಪ್ರತಿ ನೆಗೆತಕ್ಕೂ ಕಪ್ಪಿನಿಂದ ಬಿಳಿಗೆ, ಬಿಳಿಯಿಂದ ಕಪ್ಪಿಗೆ ಹೋಗುತ್ತದೆ. ಇಪ್ಪತ್ತೈದು ಮನೆಗಳಲ್ಲಿ ಮೂಲೆಯ ಬಣ್ಣದವು ಹದಿಮೂರು, ಇನ್ನೊಂದು ಬಣ್ಣದವು ಹನ್ನೆರಡು. ಹೊರಟ ಬಣ್ಣದ ಮನೆಯೇ ಒಂದು ಹೆಚ್ಚಾಗಿ ಬೇಕಾಗುವುದರಿಂದ ಹದಿಮೂರರ ಪಂಗಡದಲ್ಲಿ ಹೊರಡಬೇಕು. ಹನ್ನೆರಡರ ಪಂಗಡದಲ್ಲಿ ಹೊರಟವನ ಲೆಕ್ಕ ಮೊದಲ ಹೆಜ್ಜೆಯಲ್ಲಿಯೇ ತಪ್ಪಿಹೋಗಿರುತ್ತದೆ. ಎಷ್ಟು ಬುದ್ಧಿ ಖರ್ಚು ಮಾಡಿದರೂ ಸರಿಹೋಗದು.

ದೊಡ್ಡ ಹಾಸಿಗೆ ಒಂದು ಉಪಾಯವುಂಟು. ಇದನ್ನು ೧೮೨೩ರಲ್ಲಿ ವಾರ್ನ್ಸ್‌ಡಾರ್ಫ್ ಎಂಬ ಜರ್ಮನಿಯವರು ಪ್ರಕಟಿಸಿದರು. ಮುಂದಿನ ಹೆಜ್ಜೆಗೆ ಹಲವು ಮನೆಗಳು ಕಾಣುವಾಗ, ಯಾವ ಮನೆಯಿಂದ ಹೊರಬೀಳುವ ದಾರಿಗಳು ಎಲ್ಲಕ್ಕಿಂತ ಕಡಿಮೆಯೋ ಅದಕ್ಕೇ ಮೊದಲು ಹೋಗಬೇಕು. ನಡುಮನೆಗೆ ಎಂಟು ದಾರಿಗಳಿವೆ, ಯಾವಾಗಲಾದರೂ ಹೋಗಬಹುದು. ಮೂಲೆಗೆ ಎರಡೇ ದಾರಿ, ಅವು ಮುಚ್ಚಿಹೋದರೆ ಆ ಮನೆ ಕಡೆಯವರೆಗೂ ಬಾಕಿ. ಲೆಕ್ಕದ ಕೆಲಸ ಮಾಡುವವರಿಗೆ ಇದು ಹೊಸದಾಗಿ ತೋರದು. ಸುಲಭವಾದ ಬಾಬುಗಳನ್ನು ಮೊದಲು ಮುಗಿಸಿ ತೊಡಕಿನವನ್ನು ಮುಂದೆ ಹಾಕಿದವನ ವರ್ಷಾಂತ್ಯದ ಪಾಡು ಏನೆಂದು ನಾವೆಲ್ಲ ಬಲ್ಲೆವು.

ಒಡೆಯರು ಇಂಥ ನಡೆಗಳನ್ನು ಅನೇಕ ಬಗೆಯಲ್ಲಿ ಕಟ್ಟಿದರು. ಮನೆಗಳಲ್ಲಿ ಅಂಕಿಗಳನ್ನು ತುಂಬಿ, ಅವುಗಳ ಮೊತ್ತ ಸರಿಬರುವಂತೆ ಕುದುರೆಯನ್ನು ನಡೆಸುವ ಕೆಲಸಕ್ಕೂ ಕೈಹಾಕಿದರು. ಒಂದರಿಂದ ಅರವತ್ತನಾಲ್ಕರವರೆಗಿನ ಮೊತ್ತ ೨೦೮೦. ಎಂಟು ಸಾಲುಗಳಿಗೆ ಹಂಚಿದರೆ ಒಂದಕ್ಕೆ ೨೬೦. ಅಡ್ಡಸಾಲು, ಉದ್ದಸಾಲುಗಳೆಲ್ಲ ೨೬೦ ಆಗುವಂತೆ ಕುದುರೆಯನ್ನು ನಡೆಸುವುದು ಸಾಧ್ಯವೆಂದು ೧೮೪೮ರಲ್ಲಿ ಬೆವರ್ಲಿ ಎಂಬ ಇಂಗ್ಲಿಷರು ತೋರಿಸಿದರು. ಮೂಲೆಯಿಂದ ಮೂಲೆಗೆ ಓರೆಯಾಗಿ ಕೂಡಿದರೂ ೨೬೦ ಬರಬಹುದೆ ಎಂಬ ಪ್ರಶ್ನೆ ಉಳಿಯಿತು. ೨೦೦೩ರಲ್ಲಿ ಸುಮಾರು ಅರವತ್ತೊಂದು ದಿನ ಕಂಪ್ಯೂಟರಿನಿಂದ ಲೆಕ್ಕ ಮಾಡಿಸಿ, ಎಂಟು ಮನೆಯ ಹಾಸಿನಲ್ಲಿ ಅದು ಆಗದ ಮಾತೆಂದು ತೀರ್ಮಾನಿಸಿದರು.

ಅಕ್ಷರಗಳ ಮೇಲೆ ಕುದುರೆ

ಆಟವೂ ಬರಹವೂ ಬೇರೆಬೇರೆ ಎಂದು ನಾವು ಎಣಿಸುತ್ತೇವೆ. ನಮ್ಮ ಹಿಂದಿನವರು ಹಾಗೆ ಎಣಿಸಿರಲಿಲ್ಲ. ಅನುಷ್ಟುಪ್ ಶ್ಲೋಕವೊಂದಕ್ಕೆ ಮೂವತ್ತೆರಡು ಅಕ್ಷರ. ಅದು ಚದುರಂಗದ ಅರ್ಧ ಹಾಸಿಗೆ ಸರಿ. ಶ್ಲೋಕವನ್ನು ಎಂಟೆಂಟು ಅಕ್ಷರಗಳ ನಾಲ್ಕು ಸಾಲಾಗಿ ಮನೆಗಳಲ್ಲಿ ಬರೆದು, ಕುದುರೆಯ ನಡೆಯಲ್ಲಿ ಓದಿದಾಗಲೂ ಶ್ಲೋಕ ಹೊರಡಬೇಕು. ಇದಕ್ಕೆ ‘ತುರಗಪದ ಬಂಧ’ ಎಂದು ಹೆಸರು. ಒಂಬತ್ತನೆಯ ಶತಮಾನದ ಕಾಶ್ಮೀರದ ರುದ್ರಟನ ‘ಕಾವ್ಯಾಲಂಕಾರ’ದಲ್ಲಿ ಇದರ ಮಾದರಿಯಿದೆ. ವೇದಾಂತ ದೇಶಿಕರ ‘ಪಾದುಕಾಸಹಸ್ರ’ದಲ್ಲಿ ಒಂದು ಶ್ಲೋಕವನ್ನು ಕುದುರೆ ನಡೆಯಿಂದ ಓದಿದರೆ ಅದರ ಮುಂದಿನ ಶ್ಲೋಕವೇ ಬರುತ್ತದೆ.

ನಮ್ಮ ಕಾಶಿಗೂ ಇದರಲ್ಲಿ ಪಾಲುಂಟು. ಗೋದಾವರಿಯ ದಡದ ಪೈಠಣದಿಂದ ಬಂದು ಇಲ್ಲಿ ನೆಲಸಿದ ಭಟ್ಟ ಮನೆತನದಲ್ಲಿ ಹುಟ್ಟಿದ ನೀಲಕಂಠ ಭಟ್ಟರು ಹದಿನೇಳನೆಯ ಶತಮಾನದಲ್ಲಿ ‘ಭಗವಂತಭಾಸ್ಕರ’ವೆಂಬ ದೊಡ್ಡ ಧರ್ಮಶಾಸ್ತ್ರ ಗ್ರಂಥವನ್ನು ಬರೆದರು. ಅದರಲ್ಲಿ ರಾಜನೀತಿಯನ್ನು ಹೇಳುವ ‘ನೀತಿಮಯೂಖ’ದಲ್ಲಿ ಚದುರಂಗದ ನಿಯಮಗಳನ್ನೂ ಕುದುರೆಯ ನಡೆಯನ್ನೂ ಬರೆದಿಟ್ಟಿದ್ದಾರೆ. ಶ್ರಾದ್ಧ, ದಾಯಭಾಗ, ಪ್ರಾಯಶ್ಚಿತ್ತಗಳನ್ನು ವಿಚಾರಿಸಿದ ಅದೇ ಕೈ ಇದನ್ನೂ ಬರೆಯಿತು. ಅವರು ಬರೆದಿಡದಿದ್ದರೆ ಆ ಕಾಲದಲ್ಲಿ ಇಲ್ಲಿ ಚದುರಂಗ ಹೇಗೆ ನಡೆಯುತ್ತಿತ್ತೆಂದು ಹೇಳುವ ಸಾಕ್ಷಿಯೊಂದು ಕಡಿಮೆಯಾಗುತ್ತಿತ್ತು. ದಕ್ಷಿಣದಿಂದ ವಲಸೆ ಬಂದ ಮನೆತನದವರು ಇದನ್ನು ಉಳಿಸಿಕೊಟ್ಟರೆಂಬುದು ನಮ್ಮಂಥ ವಲಸೆಗಾರರು ನೆನಪಿಡತಕ್ಕ ಸಂಗತಿ.

ಆಟ ಆಳನ್ನೇ ನುಂಗಿದರೆ

ಇಲ್ಲಿ ಓದುಗರು ಒಂದು ಆಕ್ಷೇಪಣೆ ಎತ್ತಬಹುದು. ರಾಜ್ಯ ಕಳೆದುಕೊಂಡವರು ಕುದುರೆ ಓಡಿಸುತ್ತ ಕೂತರೆಂದು ಹೊಗಳುವುದು ಸರಿಯೆ? ಊರು ಸುಡುತ್ತಿರುವಾಗ ಪಗಡೆಯಾಡುವವರಿಗೂ ಇವರಿಗೂ ಏನು ವ್ಯತ್ಯಾಸ?

ಈ ಪ್ರಶ್ನೆಯನ್ನು ಕಥೆಯಾಗಿ ಬರೆದವರು ಕಾಶಿಯ ಪಕ್ಕದ ಲಮಹೀ ಗ್ರಾಮದ ಪ್ರೇಮಚಂದರು. ೧೯೨೪ರಲ್ಲಿ ಬಂದ ‘ಶತರಂಜ್ ಕೇ ಖಿಲಾಡಿ’ ಎಂಬ ಆ ಕಥೆಯಲ್ಲಿ ಲಖನೌದ ಇಬ್ಬರು ಜಹಗೀರುದಾರರು ಮನೆಮಠ ಮರೆತು ಚದುರಂಗವಾಡುತ್ತಾರೆ. ೧೮೫೬ರಲ್ಲಿ ಇಂಗ್ಲಿಷರು ಅವಧದ ನವಾಬರನ್ನು ಸೆರೆಯೊಯ್ಯುವಾಗಲೂ ಅವರು ಹಾಸಿನಿಂದ ತಲೆಯೆತ್ತುವುದಿಲ್ಲ. ಕೊನೆಗೆ ಒಂದು ನಡೆಗಾಗಿ ಜಗಳ ಹತ್ತಿ, ಕತ್ತಿ ಹಿರಿದು, ಒಬ್ಬರನ್ನೊಬ್ಬರು ಕೊಂದುಕೊಳ್ಳುತ್ತಾರೆ. ಸತ್ಯಜಿತ್ ರಾಯರು ೧೯೭೭ರಲ್ಲಿ ಇದನ್ನು ಚಿತ್ರವಾಗಿ ತೆಗೆದರು.

ಈ ಇಬ್ಬರಿಗೂ ಹೊತ್ತಿಗೆ ಕೊರತೆಯಿರಲಿಲ್ಲ, ಹಣಕ್ಕೂ ಇರಲಿಲ್ಲ. ಆದರೂ ಅವರ ಕೈಯಿಂದ ಹೊಸದೊಂದು ಹುಟ್ಟಲಿಲ್ಲ. ಬೇರೆಯವರು ಕಟ್ಟಿದ ಆಟದೊಳಗೆ ಹೊಕ್ಕು, ಗೆಲ್ಲುವ ಹಂಬಲವೊಂದರಲ್ಲೇ ಕರಗಿಹೋದರು. ಮೈಸೂರಿನ ಒಡೆಯರು ಆಟದ ನಿಯಮವನ್ನೇ ತೆಗೆದು ನೋಡಿದರು, ಹೊಸ ಹಾಸುಗಳನ್ನು ಬರೆದರು, ಬೇರೆಯವರು ಓದಿ ಕಲಿಯುವಂತೆ ಗ್ರಂಥದಲ್ಲಿಯೂ ಗೋಡೆಯ ಮೇಲೆಯೂ ಇಟ್ಟುಹೋದರು. ರಾಜ್ಯಕ್ಕಾಗಿ ಪತ್ರ ಬರೆಯುವುದನ್ನೂ ನಿಲ್ಲಿಸಲಿಲ್ಲ. ಅವರಿಗೂ ಆ ಜಹಗೀರುದಾರರಿಗೂ ಇರುವ ಅಂತರ ಇದೇ.

ಇಂದು ನಮ್ಮೆಲ್ಲರ ಜೇಬಿನಲ್ಲಿ ಫೋನು ಇದೆ. ಫೋನಿನಲ್ಲಿ ಆಟ ಇದೆ. ಹಣ ಕಟ್ಟಿ ಆಡುವ ರಮ್ಮಿಯಂಥವುಗಳಲ್ಲಿ ತಿಂಗಳ ಸಂಬಳವನ್ನೇ ಕಳೆದವರ ಸುದ್ದಿಯನ್ನು ನಾವು ಕೇಳಿದ್ದೇವೆ. ೨೦೨೫ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಇಂಥ ಆನ್‌ಲೈನ್ ಹಣದಾಟಗಳನ್ನು ನಿಷೇಧಿಸುವ ಕಾಯಿದೆ ಮಾಡಿತು. ಕಾಯಿದೆಯಿಂದ ಹಣ ಉಳಿಯಬಹುದು. ಹಾಸಿನಿಂದ ತಲೆಯೆತ್ತುವುದನ್ನು ಮಾತ್ರ ನಾವೇ ಕಲಿಯಬೇಕು.

ಪ್ರೇಮಚಂದರ ಸ್ವಂತ ಬಾಳೂ ನಮ್ಮ ವಿಚಾರಕ್ಕೆ ಬೇಕಾದುದೇ. ಅವರು ಸುಮಾರು ಇಪ್ಪತ್ತು ವರ್ಷ ಸರ್ಕಾರಿ ಶಿಕ್ಷಣ ಇಲಾಖೆಯಲ್ಲಿ ದುಡಿದವರು. ೧೯೨೧ರಲ್ಲಿ ಗಾಂಧೀಜಿಯವರ ಕರೆಗೆ ಓಗೊಟ್ಟು ಗೋರಖಪುರದ ನೌಕರಿಯನ್ನು ಬಿಟ್ಟರು. ೧೯೨೩ರಲ್ಲಿ ಕಾಶಿಯಲ್ಲಿ ಸರಸ್ವತೀ ಪ್ರೆಸ್ ಎಂಬ ಅಚ್ಚುಕೂಟ ಹಾಕಿದರು. ೧೯೩೦ರಲ್ಲಿ ‘ಹಂಸ್’ ಮಾಸಪತ್ರಿಕೆ ಹೊರಡಿಸಿದರು. ಅಚ್ಚುಕೂಟದಿಂದಲೂ ಪತ್ರಿಕೆಯಿಂದಲೂ ನಷ್ಟವೇ ಬಂತು. ಸಾಲ ತೀರಿಸುವುದಕ್ಕಾಗಿ ೧೯೩೪ರಲ್ಲಿ ಮುಂಬಯಿಗೆ ಹೋಗಿ ಸಿನೆಮಾ ಕಂಪೆನಿಗೆ ಕಥೆ ಬರೆಯಬೇಕಾಯಿತು. ಅದು ಒಗ್ಗದೆ ಮರುವರ್ಷ ಹಿಂದಿರುಗಿ, ೧೯೩೬ರಲ್ಲಿ ತೀರಿಕೊಂಡರು. ಆ ವರ್ಷವೇ ‘ಗೋದಾನ’ ಪ್ರಕಟವಾಗಿತ್ತು. ನೌಕರಿ ಬಿಟ್ಟ ಕೂಡಲೇ ಸ್ವಾತಂತ್ರ್ಯ ಬರುತ್ತದೆಂದು ನಂಬುವವರು ಈ ಹದಿನೈದು ವರ್ಷಗಳ ಲೆಕ್ಕವನ್ನು ಒಮ್ಮೆ ನೋಡಬೇಕು. ಮೇಲಧಿಕಾರಿಯ ಜಾಗಕ್ಕೆ ಕಾಗದದ ವ್ಯಾಪಾರಿಯ ಬಿಲ್ಲು ಬರುತ್ತದೆ. ಹಾಗಿದ್ದೂ ಅವರು ಬರೆದರು. ಹೆಂಡತಿ ಮಕ್ಕಳಿರುವ ನಮ್ಮಂಥವರಿಗೆ ಇದೇ ದಾರಿ ಎಂದು ಹೇಳುವ ಧೈರ್ಯ ಈ ಲೇಖಕನಿಗಿಲ್ಲ.

ಕಾರ್ಡು ಜೋಡಿಸುತ್ತಿದ್ದ ಗುಮಾಸ್ತ

ಆದುದರಿಂದ ಮೂರನೆಯವರ ಕಡೆಗೆ ಬರೋಣ. ಅವರು ದೂರದ ಪ್ಯಾರಿಸಿನವರು, ಹೆಸರು ಜಾರ್ಜ್ ಪೆರೆಕ್. ಪೋಲೆಂಡಿನಿಂದ ವಲಸೆ ಬಂದ ಯಹೂದಿ ದಂಪತಿಗಳ ಮಗನಾಗಿ ೧೯೩೬ರಲ್ಲಿ ಹುಟ್ಟಿದರು. ತಂದೆ ೧೯೪೦ರ ಯುದ್ಧದಲ್ಲಿ ಮಡಿದರು. ತಾಯಿಯನ್ನು ೧೯೪೩ರಲ್ಲಿ ನಾತ್ಸಿಗಳು ಆಶ್ವಿಟ್ಸ್ ಶಿಬಿರಕ್ಕೆ ಸಾಗಿಸಿದರು; ಆಕೆ ತಿರುಗಿ ಬರಲಿಲ್ಲ. ಬಂಧುಗಳ ಆಶ್ರಯದಲ್ಲಿ ಬೆಳೆದ ಪೆರೆಕ್ ೧೯೬೧ರಲ್ಲಿ ವೈದ್ಯಕೀಯ ಸಂಶೋಧನಾಲಯವೊಂದರಲ್ಲಿ ದಾಖಲೆಗಳ ಗುಮಾಸ್ತರಾಗಿ ಸೇರಿದರು. ವಿಜ್ಞಾನಿಗಳ ಲೇಖನಗಳಿಗೆ ಕಾರ್ಡು ಬರೆದು, ವಿಷಯವಾರು ಜೋಡಿಸಿ, ಕೇಳಿದಾಗ ಹುಡುಕಿಕೊಡುವ ಕೆಲಸ. ೧೯೬೫ರಲ್ಲಿ ಮೊದಲ ಕಾದಂಬರಿಗೆ ದೊಡ್ಡ ಬಹುಮಾನ ಬಂದರೂ ಈ ಕೆಲಸ ಬಿಡಲಿಲ್ಲ. ೧೯೭೮ರವರೆಗೆ ಹದಿನೇಳು ವರ್ಷ ಅಲ್ಲಿಯೇ ಇದ್ದರು.

ಅವರು ಬರೆಯುತ್ತಿದ್ದ ಕ್ರಮ ವಿಚಿತ್ರವಾದದ್ದು. ಮೊದಲು ತಮಗೆ ತಾವೇ ಒಂದು ಕಟ್ಟು ಹಾಕಿಕೊಳ್ಳುವುದು, ಆಮೇಲೆ ಅದರೊಳಗೇ ಬರೆದು ಮುಗಿಸುವುದು. ೧೯೬೯ರಲ್ಲ ಬಂದ ಒಂದು ಕಾದಂಬರಿಯಲ್ಲಿ, ಫ್ರೆಂಚಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬಳಕೆಯಾಗುವ ಸ್ವರಾಕ್ಷರವೊಂದು ಮೊದಲಿನಿಂದ ಕೊನೆಯವರೆಗೆ ಒಮ್ಮೆಯೂ ಬರುವುದಿಲ್ಲ. ನಮ್ಮ ಚಿತ್ರಕವಿಗಳು ತುಟಿ ತಾಗದ ಅಕ್ಷರಗಳಲ್ಲೇ ಪದ್ಯ ಕಟ್ಟುತ್ತಿದ್ದುದನ್ನು ಬಲ್ಲವರಿಗೆ ಇದು ನೆಂಟಸ್ತಿಕೆಯ ಮಾತೆನಿಸೀತು. ೧೯೭೬ರಿಂದ ಒಂದು ವಾರಪತ್ರಿಕೆಗೆ ಪದಬಂಧಗಳನ್ನೂ ಅವರು ಕಟ್ಟಿಕೊಡುತ್ತಿದ್ದರು.

೧೯೭೮ರಲ್ಲಿ ಅವರ ದೊಡ್ಡ ಕಾದಂಬರಿ ಬಂತು. ಹೆಸರನ್ನು ಕನ್ನಡಕ್ಕೆ ತಿರುಗಿಸಿದರೆ ‘ಬದುಕು: ಬಳಸುವ ಕ್ರಮ’ ಎಂದಾದೀತು. ಪ್ಯಾರಿಸಿನ ಒಂದು ದೊಡ್ಡ ವಠಾರವೇ ಅದರ ವಸ್ತು. ವಠಾರದ ಮುಂಗೋಡೆ ತೆಗೆದರೆ ಕೋಣೆಗಳೆಲ್ಲ ಹತ್ತಕ್ಕೆ ಹತ್ತು, ನೂರು ಮನೆಯ ಚದುರಂಗದ ಹಾಸಿನಂತೆ ಕಾಣುತ್ತವೆ. ಒಂದು ಅಧ್ಯಾಯಕ್ಕೆ ಒಂದು ಮನೆ. ಯಾವುದಾದ ಮೇಲೆ ಯಾವುದೆಂಬುದನ್ನು ಅವರು ಕುದುರೆಯ ನಡೆಯಿಂದ ಗೊತ್ತುಮಾಡಿದರು! ನೂರರಲ್ಲಿ ಒಂದು ಮನೆಯನ್ನು ಬೇಕೆಂದೇ ಬಿಟ್ಟು ತೊಂಬತ್ತೊಂಬತ್ತು ಅಧ್ಯಾಯ ಬರೆದರು. ಮಾಳಿಗೆಯಲ್ಲಿರುವವರು, ಮೆಟ್ಟಿಲ ಕೆಳಗಿನವರು, ಬಾಡಿಗೆ ಬಾಕಿಯವರು, ಸತ್ತು ಹೋದವರು, ಎಲ್ಲರ ಕಥೆಯೂ ಅದರಲ್ಲಿ ಬರುತ್ತದೆ. ರುದ್ರಟನ ಕಾಲದಿಂದ ಮೈಸೂರು ಅರಮನೆಯವರೆಗೆ ಅಕ್ಷರಗಳ ಮೇಲೆ ಓಡಿದ ಕುದುರೆ ಇಲ್ಲಿ ಸಂಬಳದ ಗುಮಾಸ್ತರೊಬ್ಬರ ಕೈಯಲ್ಲಿ ಮನೆಯಿಂದ ಮನೆಗೆ ಓಡಿತು. ಪೆರೆಕ್ ೧೯೮೨ರಲ್ಲಿ ನಲವತ್ತೈದನೆಯ ವಯಸ್ಸಿನಲ್ಲಿ ಕಾಲವಾದರು.

ಈ ಮೂವರಿಂದ ನಮಗೆ ಏನು ತಿಳಿಯಿತು

ಒಬ್ಬರಿಗೆ ವರ್ಷಾಶನ, ಒಬ್ಬರಿಗೆ ಸಾಲ, ಒಬ್ಬರಿಗೆ ಸಂಬಳ. ಅನ್ನದ ದಾರಿ ಮೂವರಿಗೂ ಬೇರೆಬೇರೆ. ಹೀಗಿರುವಾಗ ಸ್ವತಂತ್ರ ಬರಹವೋ ಆಟವೋ ಹುಟ್ಟುವುದಕ್ಕೆ ಅನ್ನದ ದಾರಿ ಇಂಥದೇ ಆಗಿರಬೇಕೆಂಬ ನಿಯಮವಿಲ್ಲವೆಂದಾಯಿತು. ಮೂವರಲ್ಲಿಯೂ ಸಮಾನವಾಗಿ ಕಾಣುವುದು ಬೇರೆಯದು: ತಾವೇ ಆರಿಸಿಕೊಂಡ ಕಟ್ಟಿಗೆ ಒಪ್ಪಿ ನಡೆದರು, ಹಿಡಿದುದನ್ನು ಕಡೆಯ ಮನೆಯವರೆಗೆ ಕೊಂಡೊಯ್ದರು. ಬೇರೆಯವರು ಹಾಕಿದ ಕಟ್ಟಿನಲ್ಲಿ ನಾವು ದಿನವಿಡೀ ಇರುತ್ತೇವೆ. ಹಾಜರಿ, ಪಾಳಿ, ಮೇಸ್ತ್ರಿಯ ಕೂಗು. ಅರ್ಧ ಗಂಟೆಯಾದರೂ ನಮ್ಮದೇ ಕಟ್ಟಿನಲ್ಲಿ ಇರುವುದು ಆಯಾಸದ ಮೇಲೆ ಇನ್ನೊಂದು ಆಯಾಸವೆಂದು ಮೊದಲು ತೋರಬಹುದು. ಪೆನ್ಸಿಲು ಹಿಡಿದು ಆ ಇಪ್ಪತ್ತೈದು ಮನೆ ಮುಗಿಸಿದವರು ಹಾಗೆ ಹೇಳಲಾರರು.

ಇನ್ನೊಂದು ಮಾತಿದೆ, ಅದು ಒಡೆಯರ ಎಲೆಯಾಟಗಳ ಗತಿಯಿಂದ ತಿಳಿಯುವಂಥದು. ಅಷ್ಟು ಜಾಣತನದಿಂದ ಕಟ್ಟಿದ ಛದಗಳು ಅರಮನೆಯ ಹೊರಗೆ ಹರಡಲಿಲ್ಲ. ಮುನ್ನೂರು ಎಲೆಗಳ ಕಟ್ಟನ್ನು ಬರೆಸುವ ಶಕ್ತಿ ಯಾರಿಗಿತ್ತು? ಅದರ ನಿಯಮಗಳನ್ನು ಕಲಿತು ಎದುರಿಗೆ ಕೂರುವವರು ಯಾರಿದ್ದರು? ಗ್ರಂಥದಲ್ಲಿ ಬರೆದಿಟ್ಟದ್ದರಿಂದಲೇ ಅವು ಪೂರ್ತಿಯಾಗಿ ಅಳಿಯದೆ, ೧೯೭೩ರಲ್ಲಿ ರುಡಾಲ್ಫ್ ಫಾನ್ ಲೈಡನ್ ಎಂಬವರು ಅವುಗಳ ಮೇಲೆ ಪುಸ್ತಕ ಬರೆಯುವುದು ಸಾಧ್ಯವಾಯಿತು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಹಳೆಯ ಆಟದ ಹಾಸುಗಳ ಪ್ರದರ್ಶನಗಳನ್ನು ನಡೆಸುವುದೂ ಸಾಧ್ಯವಾಯಿತು. ಆಟಕ್ಕೆ ಎದುರಾಳಿ ಬೇಕು, ಬರಹಕ್ಕೆ ಓದುಗ ಬೇಕು. ಸ್ವತಂತ್ರನಾಗಿ ಮಾಡಿದ ಕೆಲಸವೂ ಇನ್ನೊಬ್ಬರ ಕೈಗೆ ಹೋಗುವವರೆಗೆ ಅರೆಯಾಗಿಯೇ ಇರುತ್ತದೆ.

ನಮ್ಮ ಮನೆಗಳಲ್ಲಿಯೂ ಇಂಥ ಅರೆಯಾದ ಭಂಡಾರ ಇದೆ. ಅಳಿಗುಳಿ ಮಣೆ, ಹುಲಿ-ಕುರಿ, ಪಗಡೆ, ಚೌಕಾಬಾರ ಇವನ್ನು ಬಲ್ಲ ಅಜ್ಜಿಯರೂ ತಾಯಂದಿರೂ ಇನ್ನೂ ಇದ್ದಾರೆ. ಚೌಕಾಬಾರವನ್ನೇ ತೆಗೆದುಕೊಳ್ಳಿ. ಸೀಮೆಸುಣ್ಣದಿಂದ ನೆಲದ ಮೇಲೆ ಇಪ್ಪತ್ತೈದು ಮನೆ; ನಾಲ್ಕು ಕವಡೆ, ಇಲ್ಲವಾದರೆ ಒಂದು ಮೈ ತೇಯ್ದ ಹುಣಿಸೆಬೀಜ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಎಂದರೆ ಎಂಟು. ಎದುರಾಳಿಯ ಕಾಯಿಯೊಂದನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮ ಕೆಲವು ಊರುಗಳಲ್ಲುಂಟು, ಕೆಲವು ಊರುಗಳಲ್ಲಿಲ್ಲ. ಧಾರವಾಡದ ಕಡೆಯವರೂ ಮಂಡ್ಯದ ಕಡೆಯವರೂ ನಮ್ಮ ವಾಚನಾಲಯದ ಒಂದೇ ಮೇಜಿಗೆ ಕೂರುವುದರಿಂದ ಈ ವ್ಯತ್ಯಾಸಗಳನ್ನು ಊರಿನಲ್ಲಿರುವವರಿಗಿಂತ ನಾವು ಹೆಚ್ಚು ಚೆನ್ನಾಗಿ ಬರೆದಿಡಬಲ್ಲೆವು. ಇಲ್ಲಿ ಹುಟ್ಟಿ ಹಿಂದಿಯಲ್ಲಿ ಓದುವ ನಮ್ಮ ಮಕ್ಕಳಿಗೆ ಇವನ್ನು ಬೇರೆ ಯಾರು ಹೇಳಿಕೊಡುತ್ತಾರೆ?

ಬರೆಯುವುದಕ್ಕೆ ಪಾಂಡಿತ್ಯ ಬೇಡ. ಹಾಸಿನ ಚಿತ್ರ ಒಂದು, ಕಾಯಿಗಳೆಷ್ಟು, ಹೊರಡುವುದೆಲ್ಲಿ, ಮುಗಿಯುವುದೆಲ್ಲಿ, ಜಗಳ ಬಂದಾಗ ಹಿರಿಯರು ಏನು ತೀರ್ಪು ಕೊಡುತ್ತಿದ್ದರು. ಆ ಆಟ ಗೊತ್ತಿಲ್ಲದ ಇನ್ನೊಬ್ಬರು ಓದಿ ಆಡುವಂತಿದ್ದರೆ ಬರಹ ಸಾರ್ಥಕ. ವಾಚನಾಲಯದ ಮೇಜಿನ ಮೇಲೆ ಇದಕ್ಕೆಂದೇ ಒಂದು ಗೆರೆ ಪುಸ್ತಕ ಇಡಲಾಗಿದೆ.

ಕೊನೆಗೆ, ಪೆನ್ಸಿಲು ಹಿಡಿಯಬಯಸುವವರಿಗೆ ಒಂದು ಕೆಲಸ. ಅಡ್ಡಕ್ಕೆ ಆರು, ಉದ್ದಕ್ಕೆ ಆರು, ಮೂವತ್ತಾರು ಮನೆಗಳ ಹಾಸಿನಲ್ಲಿ ಕುದುರೆ ಎಲ್ಲ ಮನೆಗಳನ್ನೂ ಮುಟ್ಟಿ, ಮೂವತ್ತಾರನೆಯದರಿಂದ ಒಂದೇ ನೆಗೆತಕ್ಕೆ ಹೊರಟ ಮನೆಗೆ ಹಿಂದಿರುಗುವಂತೆ ನಡೆಸಬೇಕು. ಇದು ಸಾಧ್ಯ. ಮೂಲೆಗಳನ್ನು ಮೊದಲು ನೋಡಿಕೊಳ್ಳಿ. ಬಿಡಿಸಿದವರು ಹಾಳೆಯನ್ನು ಗೆರೆ ಪುಸ್ತಕದ ನಡುವೆ ಇಟ್ಟರೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಮಾಡೋಣ.